ಕೌದಿ ಮರೆಯ ಸ್ಟುಡಿಯೋ

ಧಾರವಾಡದ ಸಪ್ತಾಪುರದ ಬಾಡಿಗೆ ಕೋಣೆಗಳಲ್ಲಿ ರಾತ್ರಿ ಹನ್ನೊಂದಾದರೂ ದೀಪ ಉರಿಯುತ್ತದೆ. ಎಲ್ಲರೂ ಪರೀಕ್ಷೆಗೇ ಓದುತ್ತಿದ್ದಾರೆಂದು ಮನೆ ಮಾಲೀಕರು ತಿಳಿದಿದ್ದರೆ ಅದು ಪೂರ್ತಿ ನಿಜವಲ್ಲ. ಕೆಲವು ಕೋಣೆಗಳಲ್ಲಿ ಫ್ಯಾನು ಬಂದ್ ಮಾಡಿ, ಕಿಟಕಿ ಮುಚ್ಚಿ, ಬೆವರು ಸುರಿಸುತ್ತ ಹುಡುಗರು ಹಾಡುತ್ತಿರುತ್ತಾರೆ. ಎದುರಿಗೆ ಕೇಳುವ ಮಂದಿ ಇಲ್ಲ. ಒಂದು ಮೈಕು, ಒಂದು ಮೊಬೈಲು ಇಲ್ಲವೆ ಹಳೇ ಲ್ಯಾಪ್‌ಟಾಪು, ಅಷ್ಟೆ. ಇನ್ನೇನು ಹಾಡು ಮುಗಿಯಿತು ಎನ್ನುವಷ್ಟರಲ್ಲಿ ಹೊರಗೆ ಆಟೋ ಹಾರ್ನು. ಮತ್ತೆ ಮೊದಲಿನಿಂದ ಶುರು.

ಇದನ್ನು ಹುಡುಗಾಟ ಎಂದು ನಗುವವರು ಸ್ವಲ್ಪ ಹಿಂದಕ್ಕೆ ನೋಡಲಿ. ಹಾಡಿಗೆ ಹೆಸರಾದ ಈ ನಾಡಿನಲ್ಲಿ ಹಾಡನ್ನು ಹಿಡಿದಿಡುವ ಸವಲತ್ತು ಇರಲಿಲ್ಲ. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ ತಮ್ಮ ಮೊದಲ ಗ್ರಾಮಫೋನ್ ತಟ್ಟೆಗಳಿಗಾಗಿ ಮುಂಬೈಗೇ ಹೋಗಬೇಕಾಯಿತು. ಆ ತಟ್ಟೆಯ ಒಂದು ಮಗ್ಗುಲಿಗೆ ಸಿಗುತ್ತಿದ್ದುದು ಸುಮಾರು ಮೂರು ಮಿನಿಟು. ರಾಗ ಎಷ್ಟೇ ದೊಡ್ಡದಿರಲಿ, ಅಷ್ಟರಲ್ಲೇ ಮುಗಿಯಬೇಕು. 1950ರಲ್ಲಿ ಧಾರವಾಡಕ್ಕೇ ಆಕಾಶವಾಣಿ ಬಂತು. ಆದರೆ ಅಲ್ಲಿಯೂ ಧ್ವನಿ ಪರೀಕ್ಷೆ ದಾಟಿದವರಿಗೇ ಮೈಕು. ಇವತ್ತು ಹಾಗಿಲ್ಲ. ಆಡಾಸಿಟಿಯಂಥ ತಂತ್ರಾಂಶ 2000ದಿಂದಲೂ ಪುಕ್ಕಟೆ ಸಿಗುತ್ತಿದೆ. ಮನೆಯೇ ಸ್ಟುಡಿಯೋ ಆಗಬಹುದು.

ಹಾಗಾದರೆ ಎಲ್ಲರದೂ ಒಂದೇ ದೂರು ಯಾಕೆ? "ಮೈಕ್ ತಂದೀನ್ರಿ, ಆದ್ರೂ ಬಾವಿಯೊಳಗ ಕುಂತು ಹಾಡಿದಂಗ ಕೇಳ್ತದ." ತಪ್ಪು ಮೈಕಿನದಲ್ಲ, ಕೋಣೆಯದು. ಬರಿಗೋಡೆ, ಬರೀ ಫರಸಿ ನೆಲ ಇದ್ದರೆ ಧ್ವನಿ ಪುಟಿದು ಪುಟಿದು ಮತ್ತೆ ಮೈಕಿಗೇ ಬರುತ್ತದೆ. ಇದಕ್ಕೆ ಮದ್ದು ಅಂಗಡಿಯಲ್ಲಿಲ್ಲ, ಅಜ್ಜಿಯ ಟ್ರಂಕಿನಲ್ಲಿದೆ. ಹಾಡುವವರ ಹಿಂದೆ, ಪಕ್ಕಕ್ಕೆ ಎರಡು ದಪ್ಪ ಕೌದಿ ಇಳಿಬಿಟ್ಟರೆ ಅರ್ಧ ಕೆಲಸ ಮುಗಿಯಿತು. ಮೈಕು ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿರಲಿ. ಆಗ ಪ, ಬ ಅಕ್ಷರಗಳ ಗಾಳಿ ನೇರ ಬಡಿಯುವುದಿಲ್ಲ. ಎಷ್ಟೇ ಜೋರಾಗಿ ಹಾಡಿದರೂ ಮಾಪಕದ ಗೆರೆ ಮೈನಸ್ 6 ಡೆಸಿಬೆಲ್ ದಾಟದಿರಲಿ. ಕೆಂಪು ಮುಟ್ಟಿ ಒಡೆದ ಧ್ವನಿಯನ್ನು ಆಮೇಲೆ ಮೊದಲಿನಂತೆ ಮಾಡಲಿಕ್ಕಾಗದು. ಮೂಲ ಪ್ರತಿಯನ್ನು ವೇವ್ ರೂಪದಲ್ಲೇ ಇಡಬೇಕು. ಮಿನಿಟಿಗೆ ಸುಮಾರು 10 ಎಂಬಿ ಜಾಗ ತಿಂದೀತು, ತಿನ್ನಲಿ. ಎಂಪಿ3 ಮಾಡಿದಾಗ ಬಿಸಾಕಿದ ವಿವರ ಮತ್ತೆ ಬರುವುದಿಲ್ಲ.

ಇಷ್ಟನ್ನು ಕಲಿಯಲು ಒಂದು ವಾರ ಸಾಕು. ಕಿವಿ ಪಳಗಲು ವರ್ಷಗಳು ಬೇಕು, ಅದು ಬೇರೆ ಮಾತು. ಆದರೆ ಹುಡುಗರಿಗೆ ಯಾರೂ ಇದನ್ನು ಹೇಳುವುದಿಲ್ಲ. ಹೇಳುವುದು ಬರೀ "ಇದನ್ನ ತಗೋ, ಅದನ್ನ ತಗೋ." ಕಂತಿನ ಮೇಲೆ ದುಬಾರಿ ಮೈಕು ಬರುತ್ತದೆ, ಕೋಣೆ ಮಾತ್ರ ಅದೇ ಬಾವಿ. ಒಳ್ಳೆಯ ಮೈಕು ಆ ಬಾವಿಯನ್ನು ಇನ್ನೂ ಸ್ವಚ್ಛವಾಗಿ ಕೇಳಿಸುತ್ತದೆ!

ಕೌದಿಗೂ ಆಗದ ಕೆಲಸ ಒಂದಿದೆ. ಅದು ಒಳಗಿನ ಮಾರ್ದನಿಯನ್ನು ನುಂಗುತ್ತದೆ, ಹೊರಗಿನ ಹಾರ್ನನ್ನು ತಡೆಯುವುದಿಲ್ಲ. ನಿಶ್ಶಬ್ದವನ್ನು ಬಾಡಿಗೆ ಕೋಣೆಯ ಹುಡುಗ ಕೊಂಡುಕೊಳ್ಳಲಾರ. ಅದನ್ನು ಊರೇ ಕೊಡಬೇಕು.

ಯಾಕೆ ಕೊಡಬೇಕು? ಹುಡುಗರ ಶೋಕಿಗಷ್ಟೇ ಅಲ್ಲ. ಸುತ್ತಲ ಹಳ್ಳಿಗಳಲ್ಲಿ ಬೀಸುವಾಗ ಹಾಡಿದ, ಸೋಬಾನೆ ಹೇಳಿದ, ಭಜನಾ ಮೇಳದಲ್ಲಿ ತತ್ವಪದ ಎತ್ತಿಕೊಟ್ಟ ಮುದುಕರು ಇದ್ದಾರೆ. ಬೀಸುವ ಕಲ್ಲು ಮೂಲೆ ಸೇರಿ ಎಷ್ಟೋ ಕಾಲವಾಯಿತು. ಹಾಡು ಮಾತ್ರ ಆ ಬಾಯಿಗಳಲ್ಲಿ ಉಳಿದಿದೆ. ಪದವನ್ನು ಪುಸ್ತಕದಲ್ಲಿ ಅಚ್ಚು ಹಾಕಬಹುದು, ದನಿಯ ಎಳೆತವನ್ನು, ಉಸಿರು ನಿಲ್ಲುವ ಜಾಗವನ್ನು ಅಚ್ಚು ಹಾಕಲಾಗದು. ಒಬ್ಬ ಅಜ್ಜಿ ತೀರಿಕೊಂಡರೆ ಒಂದು ಪೆಟ್ಟಿಗೆ ಹಾಡು ಮಣ್ಣಾಯಿತು ಎಂದೇ ಲೆಕ್ಕ. ಕಲಿತ ಹುಡುಗ ತನ್ನ ಅಜ್ಜಿಯ ಮುಂದೆ ಒಂದು ಸಂಜೆ ಮೈಕು ಇಟ್ಟರೆ ಆ ಪೆಟ್ಟಿಗೆ ಉಳಿದೀತು.

ಇಡುವ ಮುಂಚೆ ಕೇಳಿಯೇ ಇಡಬೇಕು. ಹಾಡು ಊರಿನದು ಇರಬಹುದು, ಹಾಡಿಕೆ ಹಾಡಿದವರದು. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಬಂದ ತಿದ್ದುಪಡಿ ಕಲಾವಿದರಿಗೆ ತಮ್ಮ ಹಾಡಿಕೆಯ ಮೇಲೆ ಹಕ್ಕು ಕೊಟ್ಟಿದೆ. ಈಗ ಅದರ ಅವಧಿ 50 ವರ್ಷ. ಅಜ್ಜಿಯ ಹೆಸರು, ಊರು, ದಿನಾಂಕ ಬರೆದಿಡದೆ, ಒಪ್ಪಿಗೆ ಪಡೆಯದೆ, ಅವಳ ದನಿಗೆ ತಾಳ ಹಚ್ಚಿ ತನ್ನ ಹೆಸರಲ್ಲಿ ಬಿಡುವುದು ಕಲೆಯಲ್ಲ, ಕಳವು.

ಮಹಾನಗರ ಪಾಲಿಕೆಯಾಗಲಿ, ಗ್ರಂಥಾಲಯದವರಾಗಲಿ, ಯಾವುದಾದರೂ ಕಾಲೇಜಾಗಲಿ, ರಸ್ತೆಯಿಂದ ಒಳಗಿರುವ ಒಂದೇ ಒಂದು ಕೋಣೆ ತೆಗೆದಿಡಲಿ. ದಪ್ಪ ಬಾಗಿಲು, ನಾಲ್ಕು ಪರದೆ, ಎರಡು ಸಾಧಾರಣ ಮೈಕು, ಒಂದು ಗಣಕಯಂತ್ರ ಸಾಕು. ಪಾಳಿ ಹಚ್ಚಿ ಹುಡುಗರಿಗೆ ಕೊಡಲಿ. ಕಲಿಸಲು ಆಕಾಶವಾಣಿಯಿಂದ ನಿವೃತ್ತರಾದ ಒಬ್ಬರನ್ನು ಕರೆದರೆ ಬಾರದೆ ಇರುತ್ತಾರೆಯೆ? ಪುಕ್ಕಟೆ ಬಳಸಿದ್ದಕ್ಕೆ ಒಂದೇ ಕರಾರು: ಪ್ರತಿ ಹುಡುಗನೂ, ಹುಡುಗಿಯೂ ವರ್ಷಕ್ಕೆ ಒಬ್ಬ ಹಿರಿಯರ ಹಾಡು ಮುದ್ರಿಸಿ, ಒಪ್ಪಿಗೆ ಪತ್ರದ ಸಮೇತ ಒಂದು ಪ್ರತಿ ಅಲ್ಲಿ ಇಡಬೇಕು.

ಸಂಗೀತದ ಊರು ಎಂದು ಕಮಾನು ಕಟ್ಟಿ, ಭಾಷಣ ಮಾಡಿ, ಶಾಲು ಹೊದಿಸುವುದಕ್ಕೆ ಪ್ರತಿ ವರ್ಷ ದುಡ್ಡು ಸಿಗುತ್ತದೆ. ಒಂದು ಸದ್ದಿಲ್ಲದ ಕೋಣೆಗೆ ಸಿಗುವುದಿಲ್ಲವೆ? ಸಂಬಂಧಪಟ್ಟವರು ಯೋಚಿಸಲಿ. ಅಜ್ಜಿಯಂದಿರು ಮುಂದಿನ ಬಜೆಟ್ಟಿನವರೆಗೆ ಕಾಯುತ್ತಾರೆಂಬ ಭರವಸೆ ಯಾರೂ ಕೊಟ್ಟಿಲ್ಲ.