ಬಿಡಿಭಾಗ ಕೂಡಿಸುವ ಚಟ, ಜೈಲಿಗೆ ನೆಟ್ಟ ದಾರಿ

ತಾಂಬಾದ ಚಹಾದಂಗಡಿ ಇರಲಿ, ಇಂಡಿಯ ಬಸ್ ನಿಲ್ದಾಣ ಇರಲಿ, ಹುಡುಗರ ಕೈಯಾಗ ಮೊಬೈಲು. ಮೊಬೈಲಿನಾಗ ಅಮೆರಿಕದವನೊಬ್ಬ ನಳಿಗೆ, ಹಿಡಿಕೆ, ಕುದುರೆ ಒಂದೊಂದು ಕಡೆಯಿಂದ ತರಿಸಿ, ಮನೆಯ ಮೇಜಿನ ಮ್ಯಾಲೆ ಕೂಡಿಸಿ ರೈಫಲ್ ಮಾಡಿ ತೋರಿಸ್ತಾನ. ನೋಡಿದವರಿಗೆ ಸೈಕಲ್ ಜೋಡಿಸಿದಷ್ಟೇ ಸುಲಭ ಅನಿಸೋದು ಸಹಜ. ನಾವ್ಯಾಕ ಮಾಡಬಾರದು?

ಮಾಡಬಾರದು. ಯಾಕಂದ್ರ ಅಲ್ಲಿಯ ಕಾಯ್ದೆ ಬೇರೆ, ಇಲ್ಲಿಯದು ಬೇರೆ. ಅಮೆರಿಕದ ಕೇಂದ್ರ ಕಾಯ್ದೆ ರೈಫಲಿನ ಮುಖ್ಯ ಚೌಕಟ್ಟನ್ನು ಮಾತ್ರ ಬಂದೂಕೆಂದು ಎಣಿಸುತ್ತದೆ. ಉಳಿದ ಭಾಗಗಳು ಬಹುಮಟ್ಟಿಗೆ ಸಾದಾ ಸರಕು. ನಮ್ಮ 1959ರ ಆಯುಧ ಕಾಯ್ದೆಯಲ್ಲಿ ಬಂದೂಕಿನ ಬಿಡಿಭಾಗವೂ ಆಯುಧ, ತಯಾರಿಸುವ ಯಂತ್ರವೂ ಆಯುಧ. ಹೀಗಿರುವಾಗ "ನಾ ತಯಾರಿಸಿಲ್ರಿ, ಬರೇ ಜೋಡಿಸೀನಿ" ಅಂದರೆ ಕೋರ್ಟು ಕೇಳೀತೆ? 2019ರ ತಿದ್ದುಪಡಿಯ ನಂತರ ಲೈಸೆನ್ಸಿಲ್ಲದ ತಯಾರಿಕೆಗೆ ಕನಿಷ್ಠ 7 ವರ್ಷ, ಹೆಚ್ಚೆಂದರೆ ಜೀವಾವಧಿ ಸಜೆ. ಲೈಸೆನ್ಸಿಲ್ಲದ ಸಾದಾ ಬಂದೂಕು ಇಟ್ಟುಕೊಂಡವನಿಗೂ 2ರಿಂದ 5 ವರ್ಷ. ಮದುವೆ ಮೆರವಣಿಗೆಯಲ್ಲಿ ಖುಷಿಗೆಂದು ಗಾಳಿಯಲ್ಲಿ ಗುಂಡು ಹಾರಿಸಿ ಜನರ ಜೀವಕ್ಕೆ ಕುತ್ತು ತಂದರೆ 2 ವರ್ಷದವರೆಗೆ ಸಜೆ, ಇಲ್ಲವೇ ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಆಯುಧದ ಪ್ರಶ್ನೆ ಈ ಭಾಗಕ್ಕೆ ಹೊಸದಲ್ಲ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿರೆಂದಾಗ ಮುಧೋಳ ಸೀಮೆಯ ಹಲಗಲಿ ಬೇಡರು ಒಲ್ಲೆವೆಂದರು. ಊರು ಸುಟ್ಟಿತು, ಗಲ್ಲು ಎದ್ದವು. ಲಾವಣಿಕಾರರು ಇಂದಿಗೂ ಹಾಡುತ್ತಾರೆ. ಆದರೆ ಅದು ಪರರ ಆಳ್ವಿಕೆಗೆ ತಲೆಬಾಗದವರ ಹೋರಾಟ. ಭೀಮಾತೀರದ ಕಂಟ್ರಿ ಪಿಸ್ತೂಲಿಗೆ ಆ ಹೆಸರು ಹಚ್ಚುವುದು ಹಲಗಲಿಗೇ ಅವಮಾನ. ಈ ಪಿಸ್ತೂಲು ಹಳೇ ಸೇಡಿಗೆ ಮನೆ ಮನೆ ಕೆಡಿಸಿದ್ದನ್ನು ನಮ್ಮ ಜಿಲ್ಲೆ ಕಣ್ಣಾರೆ ಕಂಡಿದೆ.

ಹಾಗಾದರೆ ಹೊಲಕ್ಕೆ ಹಂದಿ ನುಗ್ಗಿದ ರೈತ ಏನು ಮಾಡಬೇಕು? ಅವನಿಗೆ ನೇರ ದಾರಿ ಇದೆ. 21 ತುಂಬಿದವರು ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಬಹುದು. 2016ರ ನಿಯಮದಂತೆ ಸುರಕ್ಷತಾ ತರಬೇತಿ ಬೇಕು, ಪೊಲೀಸ್ ವರದಿ ಬೇಕು. ಕೈಗೆ ಬರುವುದು ಕಾರ್ಖಾನೆಯಲ್ಲಿ ಪರೀಕ್ಷೆಯಾದ ಬಂದೂಕು. ಮನೆಯಲ್ಲಿ ಕೂಡಿಸಿದ್ದರ ನಳಿಗೆ ಒಡೆದರೆ ಹೋಗೋದು ಹಂದಿಯಲ್ಲ, ಹಾರಿಸಿದವನ ಕಣ್ಣು. ಇನ್ನು ಲೈಸೆನ್ಸ್ ಸಿಕ್ಕಿತೆಂದು ಬೇಟೆಗೆ ಹೊರಡುವಂತಿಲ್ಲ; ಕೃಷ್ಣಮೃಗಕ್ಕೆ ಗುರಿಯಿಟ್ಟರೆ ವನ್ಯಜೀವಿ ಕಾಯ್ದೆ ಕಾದಿರುತ್ತದೆ.

ಗುರಿ ಹೊಡೆಯುವ ಹುಚ್ಚೇ ಇದ್ದರೆ ಅದಕ್ಕೂ ಮರ್ಯಾದೆಯ ಹಾದಿ ಇದೆ. 0.177 ಬೋರಿನ, 20 ಜೂಲ್ ಮೀರದ ಏರ್ ರೈಫಲಿಗೆ ಲೈಸೆನ್ಸ್ ಬೇಡ. 2008ರ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲಿನಲ್ಲಿ. 2024ರ ಪ್ಯಾರಿಸಿನಲ್ಲಿ 50 ಮೀಟರ್ ರೈಫಲ್ ಸ್ಪರ್ಧೆಯ ಕಂಚು ತಂದ ಸ್ವಪ್ನಿಲ್ ಕುಸಾಳೆ ನಮ್ಮ ನೆರೆಯ ಕೊಲ್ಹಾಪುರ ಜಿಲ್ಲೆಯ ಹಳ್ಳಿ ಹುಡುಗ.

ಕೊಲ್ಹಾಪುರದ ಹಳ್ಳಿಗೆ ಆದದ್ದು ತಾಂಬಾಕ್ಕೆ ಯಾಕ ಆಗಬಾರದು? ಏರ್ ರೈಫಲ್ ಅಭ್ಯಾಸಕ್ಕೆ ಬೇಕಾದದ್ದು 10 ಮೀಟರ್ ಅಂತರ ಸಿಗುವ ಭದ್ರವಾದ ಒಂದು ಹಾಲು, ನಾಲ್ಕಾರು ರೈಫಲು, ಒಬ್ಬ ತರಬೇತುದಾರ. ಶಾಸಕರು, ಕ್ರೀಡಾ ಇಲಾಖೆಯವರು ಮನಸ್ಸು ಮಾಡಿದರೆ ತಾಲೂಕಿಗೊಂದು ಭಾರವಲ್ಲ. ಹುಡುಗ ಸಿಕ್ಕಿಬಿದ್ದ ಮೇಲೆ ಕೋಳ ತೊಡಿಸಲು ಸರ್ಕಾರದ ಬಳಿ ರೊಕ್ಕ ಇದೆ. ಅದಕ್ಕೂ ಮೊದಲು ಅವನ ಕೈಗೆ ಸರಿಯಾದ ಗುರಿ ಕೊಡಲು ಇಲ್ಲವೆಂದರೆ ನಂಬೋರು ಯಾರು?