ಮಾತಿಗೆ ಜಾಮೀನು ಯಾರು?

ಪ್ರಚಾರವೆಂಬುದು ಹೊಸ ಕಾಲದ ಕೂಸೇನೂ ಅಲ್ಲ. ನಮ್ಮ ಹಳ್ಳಿಗಳಲ್ಲಿ ಡಂಗುರದವನು ನಾಲ್ಕು ದಾರಿ ಕೂಡಿದಲ್ಲಿ ನಿಂತು, ಹಲಗೆ ಬಾರಿಸಿ, ಹೇಳಬೇಕಾದುದನ್ನು ಸಾರುತ್ತಿದ್ದನು. ಸವದತ್ತಿಯ ಎಲ್ಲಮ್ಮನ ಗುಡ್ಡದ ಜಾತ್ರೆಗೆ ಬರುವ ಬಳೆಗಾರನೂ, ಸಂತೆಯಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕುಳಿತು ಗಿರಾಕಿಗಳನ್ನು ಕೂಗುವ ಮುದುಕಿಯೂ ತಮ್ಮ ಸರಕಿನ ಜಾಹೀರಾತನ್ನು ತಾವೇ ಮಾಡಿಕೊಂಡವರು. ಇಂದು ಹಲಗೆಯ ಸ್ಥಾನದಲ್ಲಿ ಅಂಗೈಯಗಲದ ಮೊಬೈಲು ಬಂದು ಕುಳಿತಿದೆ. ಇದರಿಂದ ವ್ಯಾಪಾರದ ರೀತಿಯೂ, ಸಂಸ್ಥೆಗಳು ಜನರೊಡನೆ ಮಾತಾಡುವ ರೀತಿಯೂ ಬದಲಾಗಿವೆ. ಇದು ಒಳಿತೋ ಕೆಡುಕೋ ಎಂಬ ಚರ್ಚೆ ನಮ್ಮ ವಸತಿಗೃಹದಲ್ಲಿ ಮೇಲಿಂದ ಮೇಲೆ ನಡೆಯುತ್ತದೆ. ಆದರೆ ಪ್ರಶ್ನೆಯನ್ನೇ ಬೇರೆ ಬಗೆಯಲ್ಲಿ ಕೇಳಬೇಕೆಂದು ನನಗೆ ತೋರುತ್ತದೆ. ಆಡಿದ ಮಾತಿಗೆ ಜಾಮೀನು ಯಾರು?

ಮೊದಲು ಪೇಟೆಯ ಸಂಗತಿಯನ್ನೇ ನೋಡೋಣ. ಬೈಲಹೊಂಗಲವು ಹಳೆಯ ಹತ್ತಿಯ ಪೇಟೆ. ಹಿಂದೆ ದಲಾಲನೂ ಖರೀದಿದಾರನೂ ರುಮಾಲಿನ ಮರೆಯಲ್ಲಿ ಬೆರಳು ಹಿಡಿದು ದರ ಗೊತ್ತುಮಾಡುವ ಪದ್ಧತಿ ನಮ್ಮ ದೇಶದ ಅನೇಕ ಪೇಟೆಗಳಲ್ಲಿತ್ತು. ಮಾಲಿನ ಒಡೆಯನಾದ ರೈತನು ಪಕ್ಕದಲ್ಲಿಯೇ ನಿಂತಿದ್ದರೂ ಆ ಬೆರಳುಗಳ ಭಾಷೆ ಅವನಿಗೆ ತಿಳಿಯುತ್ತಿರಲಿಲ್ಲ. ನಮ್ಮ ಭಾಗವು ಮುಂಬಯಿ ಪ್ರಾಂತದಲ್ಲಿದ್ದಾಗ ಬಂದ 1927ರ ಹತ್ತಿ ಪೇಟೆಗಳ ಕಾಯದೆ, 1939ರ ಕೃಷಿ ಉತ್ಪನ್ನ ಪೇಟೆಗಳ ಕಾಯದೆ, ಏಕೀಕರಣದ ತರುವಾಯ ಬಂದ 1966ರ ಕಾಯದೆ, ಇವೆಲ್ಲವುಗಳ ಹಿಂದೆ ವ್ಯವಹಾರವನ್ನು ಬಯಲಿಗೆ ತರುವ ಉದ್ದೇಶವಿತ್ತು. 2014ರಲ್ಲಿ ಕರ್ನಾಟಕ ಸರಕಾರವು ಪೇಟೆಗಳನ್ನು ಅಂತರ್ಜಾಲದಿಂದ ಜೋಡಿಸುವ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು. 2016ರ ಏಪ್ರಿಲದಲ್ಲಿ ಕೇಂದ್ರ ಸರಕಾರದ ಇ-ನಾಮ್ ಬಂದಿತು. ಇಂಥ ಟೆಂಡರಿನಲ್ಲಿ ಖರೀದಿದಾರನು ತನ್ನ ದರವನ್ನು ಗಣಕಯಂತ್ರದಲ್ಲಿ ಬರೆಯುತ್ತಾನೆ. ಒಬ್ಬನು ಬರೆದುದು ಮತ್ತೊಬ್ಬನಿಗೆ ಕಾಣುವದಿಲ್ಲ. ವೇಳೆ ಮುಗಿದ ಮೇಲೆ ಮೇಲಿನ ದರ ಯಾವದೆಂದು ರೈತನಿಗೆ ತಿಳಿಯುತ್ತದೆ. ಒಪ್ಪಿಗೆಯಾಗದಿದ್ದರೆ ಅವನು ಬೇಡವೆನ್ನಬಹುದು. ಮರೆ ಅಂದೂ ಇತ್ತು, ಇಂದೂ ಇದೆ. ಅಂದು ಅದು ರೈತನಿಗೆ ಅಡ್ಡವಾಗಿತ್ತು, ಇಂದು ಕೊಳ್ಳುವವರ ನಡುವೆ ಇದೆ. ಯಂತ್ರ ದೊಡ್ಡದಲ್ಲ, ಮರೆಯನ್ನು ಎಲ್ಲಿ ಕಟ್ಟಿದರೆಂಬುದು ದೊಡ್ಡದು.

ಇನ್ನೊಂದು ಒಳ್ಳೆಯ ಮಾತು. ನಮ್ಮ ಓಣಿಯ ಇಬ್ಬರು ಹೆಣ್ಣುಮಕ್ಕಳು ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ ಮಾಡಿ ಮಾರುತ್ತಾರೆ. ಮೊದಲು ಅವರ ಗಿರಾಕಿಗಳೆಂದರೆ ಓಣಿಯ ಮದುವೆ, ಮುಂಜಿಗಳು ಮಾತ್ರ. ಈಗ ವಾಟ್ಸಾಪಿನಲ್ಲಿ ರೊಟ್ಟಿಯ ಚಿತ್ರ ಹೋಗುತ್ತದೆ, ಬೆಂಗಳೂರು ಪುಣೆಗಳಿಂದ ಬೇಡಿಕೆ ಬರುತ್ತದೆ, ಯುಪಿಐ ಮೂಲಕ ಹಣವೂ ಬರುತ್ತದೆ, ಬಸ್ಸಿನಲ್ಲಿ ಗಂಟು ಹೋಗುತ್ತದೆ. ಅಂಗಡಿಯ ಬಾಡಿಗೆಯಿಲ್ಲ, ಪತ್ರಿಕೆಯ ಜಾಹೀರಾತಿನ ಖರ್ಚಿಲ್ಲ. ಒಮ್ಮೆ ರೊಟ್ಟಿಗಳು ದಾರಿಯಲ್ಲಿ ಒಡೆದು ಚೂರಾದಾಗ, ಗಿರಾಕಿ ಕೇಳುವ ಮೊದಲೇ ಅವರು ಬೇರೆ ಗಂಟು ಕಟ್ಟಿ ಕಳಿಸಿದರು. ಆ ಗಿರಾಕಿಯ ಬಾಯಿಂದ ಮತ್ತೆ ನಾಲ್ಕು ಮನೆಗಳು ಸಿಕ್ಕವು. ದೊಡ್ಡ ದೊಡ್ಡ ಗ್ರಂಥಗಳಲ್ಲಿ ಸಾರ್ವಜನಿಕ ಸಂಪರ್ಕವೆಂದು ಕರೆಯುವದು ಇದನ್ನೇ ಎಂದು ನಾನು ತಿಳಿದಿದ್ದೇನೆ.

ಆದರೆ ನಾಣ್ಯಕ್ಕೆ ಇನ್ನೊಂದು ಮಗ್ಗುಲುಂಟು. ನನ್ನ ಸೋದರಮಾವನು ಮೊಬೈಲಿನಲ್ಲಿ ಒಂದು ಚಿತ್ರ ನೋಡಿದನು. ಹಚ್ಚಗೆ ಬೆಳೆದ ಹೊಲದಲ್ಲಿ ರುಮಾಲು ಸುತ್ತಿದ ಒಬ್ಬ ರೈತ ನಿಂತು, ಇಂಥ ಔಷಧ ಸಿಂಪಡಿಸಿದ್ದರಿಂದ ತನ್ನ ಇಳುವರಿ ಇಮ್ಮಡಿಯಾಯಿತೆಂದು ನಮ್ಮದೇ ಆಡುಮಾತಿನಲ್ಲಿ ಹೇಳುತ್ತಿದ್ದನು. ಮಾವನು ನಂಬಿದನು. ನಂಬಿದ್ದು ಔಷಧವನ್ನಲ್ಲ, ಆ ರುಮಾಲನ್ನು, ಆ ಮಾತಿನ ಧಾಟಿಯನ್ನು. ಹಣ ಕಳಿಸಿದನು, ಬಾಟಲಿಗಳು ಬಂದವು, ಸಿಂಪಡಿಸಿದ್ದೂ ಆಯಿತು. ಸೋಯಾ ಅವರೆ ಇದ್ದಂತೆಯೇ ಇದ್ದಿತು. ಕೇಳೋಣವೆಂದರೆ ಆ ಸಂಖ್ಯೆ ಬಂದಾಗಿತ್ತು. ಆ ರೈತನು ಎಲ್ಲಿಯವನು, ನಿಜವಾಗಿ ರೈತನೋ ಕೂಲಿಗೆ ಬಂದ ನಟನೋ, ಇಂದಿಗೂ ನಮಗೆ ತಿಳಿಯದು. ಮಾವನು ಹಣ ಹೋದುದಕ್ಕಿಂತ ಹೆಚ್ಚಾಗಿ, “ನಮ್ಮವನ ಹಂಗ ಮಾತಾಡಿದ್ನಲ್ಲೋ” ಎಂದು ಹಳಹಳಿಸಿದನು.

ಸಂತೆಯಲ್ಲಿ ಮೋಸವಿರಲಿಲ್ಲವೇ ಎಂದು ಕೆಲವರು ಕೇಳುವರು. ಇತ್ತು, ಬೇಕಾದಷ್ಟಿತ್ತು. ಆದರೆ ಅಲ್ಲಿ ಕೊಳೆತ ಬದನೆಕಾಯಿ ಕೊಟ್ಟವಳು ಮುಂದಿನ ವಾರ ಅದೇ ಜಾಗದಲ್ಲಿ ಕುಳಿತಿರುತ್ತಾಳೆ. ಅವಳ ಮುಖವೇ ಅವಳ ಮಾತಿಗೆ ಜಾಮೀನು. ಹೊಸ ಪೇಟೆಯಲ್ಲಿ ಮುಂದಿನ ವಾರವೇ ಇಲ್ಲ. ಮುಖವನ್ನಾದರೂ ಬಾಡಿಗೆಗೆ ತರಬಹುದು. 2022ರ ಕೊನೆಯಿಂದೀಚೆಗೆ ಜನಬಳಕೆಗೆ ಬಂದ ಕೃತಕ ಬುದ್ಧಿಮತ್ತೆಯ ಯಂತ್ರಗಳಂತೂ, ಯಾರೂ ಬರೆಯದ ಹೊಗಳಿಕೆಯನ್ನು ಕನ್ನಡದಲ್ಲಿಯೇ ಬರೆದುಕೊಡುತ್ತವೆ. ಇಂಥ ಯಂತ್ರಗಳಿಂದ ಆಡದವನ ಬಾಯಲ್ಲಿ ಮಾತು ತುಂಬುವದೂ ಸಾಧ್ಯವಾಗಿದೆ. ದೇವರ ಹೆಸರೂ ಇದರಿಂದ ಪಾರಾಗಿಲ್ಲ. 2022ರಲ್ಲಿ ಕಲಬುರಗಿ ಜಿಲ್ಲೆಯ ದೇವಲ ಗಾಣಗಾಪುರದ ದತ್ತಾತ್ರೇಯ ದೇವಸ್ಥಾನದ ಹೆಸರಿನಲ್ಲಿ ನಕಲಿ ಜಾಲತಾಣಗಳನ್ನು ತೆರೆದು ಭಕ್ತರಿಂದ ಹಣ ಎತ್ತಿದರೆಂಬ ದೂರು ಪೊಲೀಸರವರೆಗೆ ಹೋಯಿತು. ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿವೆ ಹುಣ್ಣಿವೆಗೆ ಮಹಾರಾಷ್ಟ್ರದಿಂದಲೂ ಬರುವ ಭಕ್ತರನ್ನು ನೆನೆದರೆ, ಈ ಎಚ್ಚರ ನಮಗೂ ಬೇಕೆನಿಸುತ್ತದೆ.

ಕಾಯದೆ ಸುಮ್ಮನೆ ಕುಳಿತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯದೆಯ ಮೇರೆಗೆ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ, ಮರಳಿ ತಪ್ಪಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಹಣ ಪಡೆದು ಹೊಗಳುವವರು ಹಾಗೆಂದು ತಿಳಿಸಬೇಕೆಂಬ ಕಟ್ಟಳೆಯೂ ಇದೆ. 2023ರ ನವೆಂಬರದಲ್ಲಿ, ಕೊಳ್ಳುವವನನ್ನು ಪರದೆಯ ಮೇಲೆ ಯುಕ್ತಿಯಿಂದ ಸಿಕ್ಕಿಸುವ ರೀತಿಗಳನ್ನು ನಿಷೇಧಿಸಲಾಯಿತು. ಇವೆಲ್ಲ ಸರಿ. ಆದರೆ ದಂಡ ಹಾಕುವದಕ್ಕೆ ಮೊದಲು ಆಸಾಮಿ ಸಿಕ್ಕಬೇಕು. ದೂರು ಕೊಡುವದಕ್ಕೆ ಮೊದಲು ಕೊಡಬಹುದೆಂಬುದು ತಿಳಿದಿರಬೇಕು. ನನ್ನ ಮಾವನಿಗೆ ಅದು ತಿಳಿದಿರಲಿಲ್ಲ. ಕಾಲೇಜಿಗೆ ಹೋಗುವ ನನಗೂ ತಿಳಿದಿರಲಿಲ್ಲವೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಜಾಮೀನಿನ ಈ ಪ್ರಶ್ನೆ ವ್ಯಾಪಾರಿಗಳಿಗಷ್ಟೇ ಅಲ್ಲ, ಸಂಸ್ಥೆಗಳಿಗೂ ಕಚೇರಿಗಳಿಗೂ ಸಲ್ಲುತ್ತದೆ. 2024ರ ಅಕ್ಟೋಬರದಲ್ಲಿ ಕಿತ್ತೂರಿನ ವಿಜಯಕ್ಕೆ 200 ವರ್ಷ ತುಂಬಿದವು. ಕೋಟೆಯ ಚಿತ್ರ ನೋಡಿ ದೂರದಿಂದ ಬರುವವನಿಗೆ ಬೇಕಾಗುವದು ಚಿತ್ರದಲ್ಲಿಲ್ಲದ ಸಂಗತಿ: ವಸ್ತುಸಂಗ್ರಹಾಲಯ ತೆರೆಯುವ ವೇಳೆ ಯಾವದು, ಕೊನೆಯ ಬಸ್ಸು ಎಷ್ಟಕ್ಕೆ, ರಾಣಿಯ ಸಮಾಧಿ ಬೈಲಹೊಂಗಲದಲ್ಲಿದೆಯೆಂಬುದನ್ನು ಯಾರು ಹೇಳುವರು? ಇದಕ್ಕಿಂತಲೂ ಗಂಭೀರವಾದುದು ಹೊಳೆಯ ಸುದ್ದಿ. 2019ರ ಆಗಸ್ಟದಲ್ಲಿ ಮಲಪ್ರಭೆ ತುಂಬಿ ಹರಿದು ರಾಮದುರ್ಗ ತಾಲೂಕಿನ ಮನೆಮಾರುಗಳನ್ನು ಮುಳುಗಿಸಿದಳು. ಅಂಥ ದಿನಗಳಲ್ಲಿ ನವಿಲುತೀರ್ಥದ ಆಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರು, ಅದು ಯಾವ ಊರಿಗೆ ಎಷ್ಟು ಹೊತ್ತಿಗೆ ಮುಟ್ಟೀತು ಎಂಬ ಎರಡು ಸಾಲಿನ ನಿಜವಾದ ಸಂದೇಶ, ಹಾರ ತುರಾಯಿಗಳ ನೂರು ಚಿತ್ರಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು. ಸಾರ್ವಜನಿಕ ಸಂಪರ್ಕವೆಂದರೆ ಕಚೇರಿಯ ಅಲಂಕಾರವಲ್ಲ. ವೇಳೆಗೆ ಸರಿಯಾಗಿ ಹೇಳಿದ ಸತ್ಯ. ಹೊಸ ಸಾಧನದ ನಿಜವಾದ ಹೆಚ್ಚಳವೆಂದರೆ, ಡಂಗುರಕ್ಕೆ ಮರುಮಾತಾಡಲು ಬರುತ್ತಿರಲಿಲ್ಲ, ಇದಕ್ಕೆ ಬರುತ್ತದೆ. ಆದರೆ ಜನರ ಮರುಮಾತನ್ನು ಓದುವವರೇ ಇಲ್ಲದಿದ್ದರೆ ಅದು ಕೇವಲ ದೊಡ್ಡ ಡಂಗುರವಾಗಿ ಉಳಿಯುವದು.

ಹಾಗಾದರೆ ನಮ್ಮಂಥ ಕಲಾ ವಿಭಾಗದ ವಿದ್ಯಾರ್ಥಿಗಳು ಮಾಡತಕ್ಕದ್ದೇನು? ನಮಗೆ ಯಂತ್ರಶಾಸ್ತ್ರ ಬಾರದು. ಆದರೆ ಕನ್ನಡ ಬರುತ್ತದೆ, ಊರು ಗೊತ್ತು. ರಾಮದುರ್ಗದ ನೇಕಾರನು ನೇಯ್ದ ಸೀರೆ ಕೈಮಗ್ಗದ್ದೆಂದು ದೂರದ ಗಿರಾಕಿ ಹೇಗೆ ನಂಬಬೇಕು? ಕೈಮಗ್ಗದ ಬಟ್ಟೆಗೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಎಂಬ ಮುದ್ರೆಯಿದೆ. ಆ ಮುದ್ರೆಯ ಜೊತೆಗೆ ನೂಲು ಯಾವದು, ಎಷ್ಟು ದಿನದ ದುಡಿಮೆ, ಬಣ್ಣ ಬಿಟ್ಟರೆ ಯಾರನ್ನು ಕೇಳಬೇಕು ಎಂಬುದನ್ನು ನಾಲ್ಕು ಪ್ರಾಮಾಣಿಕ ವಾಕ್ಯಗಳಲ್ಲಿ ಬರೆದುಕೊಡಬಲ್ಲವನು ಅವನಿಗೆ ದೊಡ್ಡ ಉಪಕಾರ ಮಾಡಿದಂತೆ. ಅಂತೆಯೇ ಮನೆಯ ಹಿರಿಯರು ಹಣ ಕಳಿಸುವ ಮೊದಲು ಪಕ್ಕದಲ್ಲಿ ಕುಳಿತು, “ಇವರ ಊರು ಯಾವದು, ವಿಳಾಸ ಎಲ್ಲಿದೆ, ಮಾಲು ಕೆಟ್ಟರೆ ಮರಳಿ ಕೊಳ್ಳುವರೇ?” ಎಂದು ಮೂರು ಪ್ರಶ್ನೆ ಕೇಳುವದೂ ನಮ್ಮ ವಿದ್ಯೆಯ ಕೆಲಸವೇ.

ಕಾಲದ ಚಕ್ರವನ್ನು ಹಿಂದಕ್ಕೆ ತಿರುಗಿಸಲಿಕ್ಕೆ ಬಾರದು, ತಿರುಗಿಸುವ ಅವಶ್ಯಕತೆಯೂ ಇಲ್ಲ. ರೊಟ್ಟಿ ಪುಣೆಗೆ ಹೋಗಲಿ, ಹತ್ತಿಯ ದರ ರೈತನ ಕಿಸೆಗೆ ಬರಲಿ. ಆದರೆ ಮಾತು ಎಷ್ಟು ದೂರ ಹೋದರೂ ಆಡಿದವನ ಮನೆಯ ಬಾಗಿಲು ಕೇಳಿದವನಿಗೆ ಕಾಣುವಂತಿರಲಿ. ಒಡೆದ ರೊಟ್ಟಿಗೆ ಬದಲು ರೊಟ್ಟಿ ಕಳಿಸಿದ ಆ ಇಬ್ಬರು ಹೆಣ್ಣುಮಕ್ಕಳು ಯಾವ ಶಾಸ್ತ್ರವನ್ನೂ ಓದಿದವರಲ್ಲ. ಓದಿದ ನಾವು ಅವರಿಂದ ಅಷ್ಟನ್ನು ಕಲಿತರೆ ಸಾಕು.