ಕಾಂತಾರವೆಂದರೆ ಯಾವ ಕಾಡು?

ಕಂಪ್ಲಿಯ ವಿದ್ಯಾರ್ಥಿಯೊಬ್ಬ ಈಚೆಗೆ ನನ್ನನ್ನು ಕೇಳಿದ: ‘ಕಾಂತಾರ ಅಂದ್ರೆ ದೈವದ ಹೆಸರೇನ್ ಸರ್?’ ನಗು ಬಂತಾದರೂ ತಪ್ಪು ಅವನದಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಆ ಹೆಸರಿನ ಚಲನಚಿತ್ರ ತೆರೆ ಕಾಣುವ ತನಕ ಈ ಪದ ಹಳೆಯ ಕಾವ್ಯಗಳಲ್ಲಿ, ನಿಘಂಟುಗಳಲ್ಲಿ ಉಳಿದಿತ್ತೇ ಹೊರತು ಆಡುಮಾತಿನಲ್ಲಿ ಇರಲಿಲ್ಲ. ಕರಾವಳಿಯ ಮಳೆ, ಹಸಿರು, ಭೂತಕೋಲಗಳ ಜೊತೆಗೆ ಮರಳಿ ಬಂದ ಪದವನ್ನು ಬಯಲುಸೀಮೆಯ ಹುಡುಗ ಬೇರೆ ಹೇಗೆ ತಿಳಿದಾನು?

ಅಮರಕೋಶವು ಅಟವಿ, ಅರಣ್ಯ, ವಿಪಿನ, ಗಹನ, ಕಾನನ, ವನ ಎಂಬ ಪದಗಳನ್ನು ಒಂದೇ ಸಾಲಿನಲ್ಲಿ ಪೋಣಿಸುತ್ತದೆ. ಆ ಸಾಲಿನಲ್ಲಿ ಕಾಂತಾರವಿಲ್ಲ. ಅದು ಸಿಗುವುದು ದಾರಿಗಳ ಹೆಸರುಗಳ ನಡುವೆ. ಅಲ್ಲಿ ಅದರ ಅರ್ಥ ನಡೆಯಲು ಕಷ್ಟವಾದ ಹಾದಿ. ಮಹಾರಣ್ಯವೆಂಬ ಅರ್ಥವೂ ಅದಕ್ಕುಂಟು. ಎಂದರೆ, ಮರಗಳ ಎತ್ತರವಾಗಲಿ ಎಲೆಗಳ ದಟ್ಟಣೆಯಾಗಲಿ ಈ ಪದಕ್ಕೆ ಮುಖ್ಯವಲ್ಲ. ಮನುಷ್ಯ ಸಲೀಸಾಗಿ ದಾಟಲಾರದ ನೆಲವೆಂಬುದೇ ಮುಖ್ಯ.

ಹಾಗೆ ನೋಡಿದರೆ ನಮ್ಮ ಹೊಸಪೇಟೆ, ಸಂಡೂರು ಸೀಮೆ ಈ ಪದಕ್ಕೆ ಎಷ್ಟು ಒಪ್ಪುತ್ತದೆ! ಪರಂಪರೆಯು ಕಿಷ್ಕಿಂಧೆಯೆಂದು ಗುರುತಿಸಿರುವುದು ಹಂಪಿ-ಆನೆಗೊಂದಿಯ ಬಂಡೆಗಳನ್ನೇ. (ವಿಜಯನಗರದ ಗುರುವೆಂದು ನಾವು ನೆನೆಯುವ ವಿದ್ಯಾರಣ್ಯರ ಹೆಸರಿನಲ್ಲೂ ಅರಣ್ಯವಿದೆ.) ಕಮಲಾಪುರ ದಾಟಿ ದರೋಜಿಯ ಕಡೆ ಹೊರಟರೆ ಬಂಡೆಗಳ ಸಂದಿನಲ್ಲಿ ಮುಳ್ಳುಕಂಟಿ, ಕವಳೆ, ಬಾರಿಹಣ್ಣಿನ ಪೊದೆಗಳು. ಬೇಸಿಗೆಯಲ್ಲಿ ಹಸಿರು ಹುಡುಕಬೇಕು. ಪ್ರವಾಸಿಗನ ಕಣ್ಣಿಗೆ ಅದು ಪಾಳುನೆಲ, ಕರಡಿಗೆ ಮನೆ. 1994ರಲ್ಲಿ ಅಲ್ಲಿ ಕರಡಿಧಾಮ ಘೋಷಣೆಯಾದದ್ದು ಆ ಕಾರಣಕ್ಕೆ.

ಇದು ಬರಿಯ ಪಂಡಿತರ ಜಿಜ್ಞಾಸೆಯಲ್ಲ. ಗೋದಾವರ್ಮನ್ ತಿರುಮುಲ್ಪಾಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ಒಂದು ಮಾತು ಹೇಳಿತು: ಒಡೆತನ ಯಾರದೇ ಇರಲಿ, ‘ಅರಣ್ಯ’ವನ್ನು ನಿಘಂಟಿನ ಅರ್ಥದಲ್ಲೇ ತಿಳಿಯಬೇಕು. 2023ರಲ್ಲಿ ಸಂಸತ್ತು ಕಾಯಿದೆಗೆ ತಿದ್ದುಪಡಿ ತಂದು, ಅಧಿಸೂಚಿತ ಅರಣ್ಯ ಮತ್ತು ಸರ್ಕಾರಿ ದಾಖಲೆಯಲ್ಲಿ ಅರಣ್ಯವೆಂದು ಬರೆದಿರುವ ಭೂಮಿಗೆ ಅದರ ವ್ಯಾಪ್ತಿಯನ್ನು ಕಿರಿದುಗೊಳಿಸಿತು. ರಾಜ್ಯಗಳ ಪಟ್ಟಿ ಸಿದ್ಧವಾಗುವವರೆಗೆ ಹಳೆಯ ಅರ್ಥವನ್ನೇ ಪಾಲಿಸಿ ಎಂದು 2024ರ ಫೆಬ್ರವರಿಯಲ್ಲಿ ನ್ಯಾಯಾಲಯ ಮಧ್ಯಂತರ ಆದೇಶ ನೀಡಿತು.

ಸರಿ, ಯಾವ ನಿಘಂಟು? ಕಂದಾಯ ಇಲಾಖೆಯ ನಿಘಂಟಿನಲ್ಲಿ ಕುರುಚಲು ಗುಡ್ಡಕ್ಕಿರುವ ಪದ ‘ಖರಾಬು’. ಸಾಗುವಳಿಗೆ ಬಾರದ್ದೆಲ್ಲ ಅದರ ಲೆಕ್ಕದಲ್ಲಿ ಕೆಟ್ಟ ನೆಲ. ಖರಾಬು ಎಂದು ಬರೆದುಕೊಂಡ ನೆಲವನ್ನು ಅಗೆಯಲು ಯಾರ ಮನಸ್ಸೂ ಅಳುಕುವುದಿಲ್ಲ. ಅದೇ ನೆಲವನ್ನು ಕಾಂತಾರವೆಂದು ಕರೆಯಲು ನಮ್ಮ ಭಾಷೆಯಲ್ಲಿ ಅವಕಾಶವಿದೆ, ಆಧಾರವೂ ಇದೆ.

ಪದವೊಂದೇ ಕಾಡನ್ನು ಉಳಿಸೀತೆಂಬ ಭ್ರಮೆ ನನಗಿಲ್ಲ. ಸಂಡೂರಿನ ದೇವದಾರಿ ಬೆಟ್ಟ ದಾಖಲೆಯಲ್ಲೂ ಅರಣ್ಯವೇ. ಅಲ್ಲಿನ ಸುಮಾರು 400 ಹೆಕ್ಟೇರನ್ನು ಕೆಐಒಸಿಎಲ್‌ನ ಅದಿರು ಗಣಿಗೆ ಕೊಡುವ ಕುರಿತು 2024ರಲ್ಲಿ ಕೇಂದ್ರ, ರಾಜ್ಯಗಳ ನಡುವೆ ಜಟಾಪಟಿ ನಡೆಯಿತು; ಭೂಮಿ ಹಸ್ತಾಂತರಿಸದಂತೆ ರಾಜ್ಯದ ಅರಣ್ಯ ಸಚಿವರು ಸೂಚಿಸಬೇಕಾಯಿತು. 2011ರ ಲೋಕಾಯುಕ್ತ ವರದಿ, ಅದೇ ವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದ್ದು, ಇವೆಲ್ಲ ಆದಮೇಲೂ ಹೀಗೆ. ಗಣಿಯಿಂದ ಅನ್ನ ಕಂಡ ಮನೆಗಳು ಸಂಡೂರಿನಲ್ಲಿವೆ, ಅವನ್ನು ಮರೆತು ಉಪದೇಶ ಮಾಡುವುದು ಸುಲಭ. ಆದರೆ ಅರಣ್ಯವೆಂದು ಬರೆದಿಟ್ಟ ಬೆಟ್ಟಕ್ಕೇ ಈ ಗತಿಯಾದರೆ, ಯಾವ ಪಟ್ಟಿಗೂ ಸೇರದ ಕುರುಚಲಿನ ಪಾಡೇನು? ಪಟ್ಟಿ ಮಾಡುವವರು ಉಪಗ್ರಹದ ಚಿತ್ರದಲ್ಲಿ ಹಸಿರನ್ನಷ್ಟೇ ಎಣಿಸದೆ, ಒಮ್ಮೆ ಏಪ್ರಿಲ್‌ನಲ್ಲಿ ಇಲ್ಲಿ ನಡೆದು ನೋಡಲಿ.

ಹುಡುಗನಿಗೆ ಪದದ ಅರ್ಥ ಬಿಡಿಸಿ ಹೇಳಿದೆ. ‘ಹಂಗಾದ್ರೆ ನಮ್ಮೂರ ಗುಡ್ಡಾನೂ ಕಾಂತಾರಾನೇ ಏನ್ ಸರ್?’ ಎಂದ. ಆ ಗುಡ್ಡ ಯಾವ ಸರ್ವೆ ನಂಬರಿನಲ್ಲಿದೆ, ಪಹಣಿಯಲ್ಲಿ ಅದನ್ನು ಏನೆಂದು ಬರೆದಿದ್ದಾರೆ ಎಂದು ನೋಡಿಕೊಂಡು ಬರಲು ಹೇಳಿ ಕಳುಹಿಸಿದ್ದೇನೆ.